ನಮ್ಮ ಮನೆಯಲ್ಲಿ ನಿಧಾನವಾಗಿ ಹಾಡಿದವಳು

ಹೊಸ ರೆಕಾರ್ಡ್ ಒಂದಕ್ಕೆ ನಾನು ಒಂಬತ್ತು ಪ್ಯಾಂಟುಗಳ ಕಾಲು ಮಡಚಿ ಹೊಲಿಯಬೇಕು. ಯಾರೋ ಕೇಳಿ ಬಿಟ್ಟ ಹಳೆಯದಾದರೆ ಮೂರು ಪ್ಯಾಂಟು ಸಾಕು, ಗೀರು ಬಿದ್ದಿದ್ದರೆ ಚೌಕಾಸಿ ಮಾಡಿ ಎರಡಕ್ಕೆ ಇಳಿಸಬಹುದು. ಲೆಕ್ಕದ ಮೇಷ್ಟ್ರಿಗೆ ಹೊಸದೊಂದು ಎಂದರೆ ಒಂದು ಮಗುವಿಗೆ ಮನೆಪಾಠ ಹೇಳಿದ ಅರ್ಧ ತಿಂಗಳು. ನರ್ಸಮ್ಮನಿಗೆ ಬೇರೆಯವರ ಬದಲಿಗೆ ಮಾಡಿದ ಒಂದು ಪಾಳಿ. ವಾಚ್ ರಿಪೇರಿಯ ಅಣ್ಣನಿಗೆ, ಎಲ್ಲರೂ ಅವನನ್ನು ವಾಚಣ್ಣ ಎನ್ನುತ್ತಾರೆ, ಎಂಟು ಸೆಲ್ ಬದಲಿಸಿದಷ್ಟು. ಒಬ್ಬೊಬ್ಬರೇ ತಿಂಗಳು ತಿಂಗಳೂ ಕೊಳ್ಳಲು ಹೊರಟರೆ ಸಂಸಾರ ನಡೆಯುವುದಿಲ್ಲ. ಅದಕ್ಕೇ ಮೂರೂವರೆ ವರ್ಷದ ಹಿಂದೆ ನಾಲ್ವರೂ ಸರದಿ ಹಾಕಿಕೊಂಡೆವು.

ತಿಂಗಳಿಗೆ ಒಬ್ಬರು ಒಂದು ಆಲ್ಬಮ್ ಆರಿಸಿ ತರುವುದು. ಮೊದಲ ವಾರ ಅದು ತಂದವರ ಮನೆಯಲ್ಲಿ, ಆಮೇಲೆ ಉಳಿದ ಮೂವರ ಮನೆಗಳಲ್ಲಿ ಒಂದೊಂದು ವಾರ. ತಿಂಗಳ ಕೊನೆಯ ಭಾನುವಾರ ನಾಲ್ಕು ಗಂಟೆಗೆ ನನ್ನ ಹೊಲಿಗೆ ಅಂಗಡಿಯ ಬಾಗಿಲು ಅರ್ಧ ಎಳೆದು, ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಕೂತು ಅದರ ಬಗ್ಗೆ ಮಾತಾಡುವುದು. ಮೂರು ಸಲ ಪೂರ್ತಿ ಕೇಳದವರು ಬಾಯಿ ತೆರೆಯುವ ಹಾಗಿಲ್ಲ. ಇನ್ನೊಂದು ಕಟ್ಟುನಿಟ್ಟು: ಮಾತಿನ ಹೊತ್ತಿನಲ್ಲಿ ರೆಕಾರ್ಡ್ ಹಾಕಬಾರದು. ಮೊದಲ ತಿಂಗಳು ಮೇಷ್ಟ್ರ ಪ್ಲೇಯರ್ ತಂದು ಹಾಕಿದ್ದೆವು. ಆಗ ಏನಾಯಿತೆಂದರೆ ಮೂವರೂ ಹಾಡು ಕೇಳುವುದು ಬಿಟ್ಟು ಮೇಷ್ಟ್ರ ಮುಖ ನೋಡುತ್ತ ಕೂತೆವು. ಅವರ ಹುಬ್ಬು ಏರಿದರೆ ಹಾಡು ಒಳ್ಳೆಯದು, ಇಳಿದರೆ ಕೆಟ್ಟದ್ದು. ಅವರು ಚಿಕ್ಕಂದಿನಲ್ಲಿ ನಾಲ್ಕು ವರ್ಷ ಪಿಟೀಲು ಕಲಿತವರು. ಮುಖ ನೋಡಿ ಮಣೆ ಹಾಕುವ ಕೆಲಸ ಬೇಡವೆಂದು ಅವರೇ ಈ ಕಟ್ಟಳೆ ಮಾಡಿದರು.

ಹೀಗಾಗಿ ಒಬ್ಬರ ಮನೆಯಲ್ಲಿ ಹಾಡು ಹೇಗೆ ಕೇಳುತ್ತದೆಂದು ಇನ್ನೊಬ್ಬರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ನನಗೆ ಸಂಗೀತದ ಗಂಧಗಾಳಿ ಇಲ್ಲ. ಏಳನೇ ತರಗತಿ ಮುಗಿಸಿ ಮಿಷನ್ ಮೇಲೆ ಕಾಲಿಟ್ಟವಳು. ಆದರೂ ಆ ಮೇಜಿನ ಸುತ್ತ ನನ್ನ ಮಾತಿಗೆ ತೂಕವಿತ್ತು. ಉಳಿದ ಮೂವರು ಬಹಳ ಸಲ ಒಂದೇ ಮಾತು ಹೇಳುತ್ತಿದ್ದರು, ನಾನೊಬ್ಬಳು ಬೇರೆ ಹೇಳುತ್ತಿದ್ದೆ. ಮೊದಲ ಸುತ್ತಿನಲ್ಲೇ ನರ್ಸಮ್ಮ ಒಬ್ಬ ಹೆಂಗಸಿನ ಆಲ್ಬಮ್ ತಂದಿದ್ದಳು, ಎಂಟು ಹಾಡು, ಲಕೋಟೆಯ ಮೇಲೆ ಖಾಲಿ ಕಿಟಕಿಯ ಚಿತ್ರ, ಹಾಡಿದವಳ ಫೋಟೋ ಇಲ್ಲ. ಮೇಷ್ಟ್ರು ಚುರುಕಾಗಿದೆ, ಹರೆಯದ ದನಿ ಎಂದರು. ವಾಚಣ್ಣನೂ ಅದಕ್ಕೇ ತಲೆಯಾಡಿಸಿದ. ನಾನು ಒಪ್ಪಲಿಲ್ಲ. ಇವಳಿಗೆ ಐವತ್ತಾದರೂ ಆಗಿದೆ, ಯಾರನ್ನೋ ಮಣ್ಣು ಮಾಡಿ ಬಂದವಳು, ಅದಕ್ಕೇ ಪ್ರತಿ ಮಾತನ್ನೂ ಕೆಳಗಿಟ್ಟು, ಅದು ಸರಿಯಾಗಿ ಕೂತಿತೇ ಎಂದು ನೋಡಿ, ಆಮೇಲೆ ಮುಂದಿನದನ್ನು ಎತ್ತುತ್ತಾಳೆ ಎಂದೆ. ಹಿಂದಿನ ವರ್ಷವಷ್ಟೇ ತಾಯಿಯನ್ನು ಕಳೆದುಕೊಂಡಿದ್ದ ನರ್ಸಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. ಮುಂದಿನ ತಿಂಗಳು ಮೇಷ್ಟ್ರು, ಟೈಲರಮ್ಮ ಹೇಳಿದ ಮೇಲೆ ಮತ್ತೆ ಕೇಳಿದೆ, ಹೌದೆನ್ನಿಸಿತು ಎಂದರು. ಅಂದಿನಿಂದ ಕೊನೆಯ ಮಾತು ಹೇಳುವವಳು ನಾನು ಎಂದಾಗಿಬಿಟ್ಟಿತು. ಜೀವಮಾನದಲ್ಲಿ ಅಳತೆ ಬಿಟ್ಟು ಬೇರೆ ಯಾವುದಕ್ಕೂ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಗಿತ್ತು.

ನಮ್ಮ ಮನೆಯ ಪ್ಲೇಯರ್ ಮೈದುನ ಊರು ಬಿಡುವಾಗ ಕೊಟ್ಟು ಹೋದದ್ದು. ಅದಕ್ಕೆ ಮುಂಚೆ ನಮ್ಮಲ್ಲಿದ್ದದ್ದು ರೇಡಿಯೋ ಒಂದೇ. ಎಂದಾದರೊಮ್ಮೆ ನಮ್ಮ ರೆಕಾರ್ಡಿನ ಹಾಡು ರೇಡಿಯೋದಲ್ಲಿ ಬಂದರೆ ಅದು ಓಡೋಡಿ ಬಂದ ಹಾಗೆ ಕೇಳಿಸುತ್ತಿತ್ತು. ರೇಡಿಯೋದವರಿಗೆ ಯಾವಾಗಲೂ ಮುಂದಿನ ಕಾರ್ಯಕ್ರಮದ ಅವಸರ ಎಂದು ನಮ್ಮತ್ತೆ ಬೈಯುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಗುಟ್ಟು ರಟ್ಟಾದದ್ದು ಮೊಟ್ಟೆಯಿಂದ.

ಈ ಸಲದ ಸರದಿ ನನ್ನದಾಗಿತ್ತು. ನಾನು ತಂದ ರೆಕಾರ್ಡಿನ ಮೊದಲ ಎರಡು ಹಾಡು ಅತ್ತೆಗೆ ಬಹಳ ಹಿಡಿಸಿ, ಬೆಳಿಗ್ಗೆ ಅದನ್ನು ಹಾಕಿಕೊಂಡೇ ಮೊಟ್ಟೆ ಬೇಯಿಸುತ್ತಿದ್ದರು. ರೆಕಾರ್ಡಿನ ಮೇಲೆ ಮುಳ್ಳು ಇಟ್ಟಾಗ ಕುದಿಯುವ ನೀರಿಗೆ ಬಿಡುವುದು, ಎರಡನೇ ಹಾಡು ಮುಗಿದಾಗ ಇಳಿಸುವುದು. ಹಳದಿ ಗಟ್ಟಿಯಾಗಿ, ಆದರೆ ಒಣಗದೆ, ಹೇಳಿ ಮಾಡಿಸಿದಂತೆ ಬರುತ್ತಿತ್ತು. ರೆಕಾರ್ಡ್ ನರ್ಸಮ್ಮನ ಮನೆಗೆ ಹೋಗುವಾಗ ಈ ವಿದ್ಯೆಯನ್ನೂ ಜೊತೆಗೆ ಕಳಿಸಿದರು.

ಭಾನುವಾರ ಚಹಾ ಬಗ್ಗಿಸುವ ಹೊತ್ತಿಗೆ ನರ್ಸಮ್ಮ ಅತ್ತೆಯ ಮೇಲೆ ದೂರು ತಂದಳು. ಮೂರು ದಿನ ಪ್ರಯತ್ನ ಮಾಡಿದೆ, ಮೂರು ದಿನವೂ ಹಳದಿ ಹರಿದುಹೋಯಿತು, ಗಂಡ ನಾಲ್ಕನೇ ದಿನ ಬಿಸ್ಕತ್ತು ತಿಂದು ಕೆಲಸಕ್ಕೆ ಹೋದ ಎಂದಳು. "ಅಜ್ಜಿ ಬೇಕಂತಲೇ ಒಂದು ಹಾಡು ಮುಚ್ಚಿಟ್ಟಿದ್ದಾರೆ ಅಕ್ಕ. ಸೊಸೆಗೆ ಬಿಟ್ಟು ಬೇರೆಯವರಿಗೆ ಹೇಳಿಕೊಡಲ್ಲ ಅವರು."

ಮೇಷ್ಟ್ರು ಮೊಟ್ಟೆಯ ಗಾತ್ರ, ಒಲೆಯ ಉರಿ ಎಂದು ಲೆಕ್ಕ ಶುರು ಮಾಡಿದರು. ನಾನೂ ನಕ್ಕೆ. ಆದರೆ ವಾಚಣ್ಣ ನಗಲಿಲ್ಲ. ಕನ್ನಡಕ ತೆಗೆದು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ. ಇಪ್ಪತ್ತು ವರ್ಷದ ಪರಿಚಯ ನಮ್ಮದು, ಅವನ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಒಂದೇ ಗೋಡೆ. ಗಿರಾಕಿಯ ವಾಚು ಇನ್ನು ನಡೆಯುವುದಿಲ್ಲ ಎಂದು ಹೇಳುವ ಮೊದಲು ಅವನು ಹೀಗೆ ಕನ್ನಡಕ ಒರೆಸುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಏನಣ್ಣ ಎಂದೆ.

"ನಿನ್ನ ಪ್ಲೇಯರಿನ ತಟ್ಟೆ ತಿರುಗಿಸೋ ರಬ್ಬರ್ ಬೆಲ್ಟು ಸಡಿಲ ಆಗಿದೆ ಕಣಮ್ಮ," ಎಂದ. "ಎಲ್ಲರ ಮನೇಲಿ ಏಳು ನಿಮಿಷಕ್ಕೆ ಮುಗಿಯೋದು ನಿನ್ನ ಮನೇಲಿ ಎಂಟು ನಿಮಿಷ ಓಡುತ್ತೆ. ಹಾಡು ನಿಧಾನ ಆಗುತ್ತೆ, ದನಿ ದಪ್ಪ ಆಗುತ್ತೆ."

ಯಾವಾಗಿನಿಂದ ಎಂದು ಮೇಷ್ಟ್ರು ಕೇಳಿದರು. ಮೊದಲಿನಿಂದಲೂ ಎಂದ. ನಿನಗೆ ಯಾವಾಗಿನಿಂದ ಗೊತ್ತು ಎಂದು ನಾನು ಕೇಳಿದೆ. ಅವನು ಕನ್ನಡಕ ಹಾಕಿಕೊಂಡ. ಮೂರು ವರ್ಷದ ಹಿಂದೆ ಅತ್ತೆಯ ಅಲಾರಂ ಗಡಿಯಾರ ಕೊಡಲು ಮನೆಗೆ ಬಂದಿದ್ದನಂತೆ. ಒಳಗೆ ಹಾಡು ಓಡುತ್ತಿತ್ತಂತೆ. ಬಾಗಿಲಲ್ಲೇ ತಿಳಿಯಿತಂತೆ.

ನರ್ಸಮ್ಮ ಬಿಸ್ಕತ್ತಿನ ತಟ್ಟೆಯನ್ನು ಆ ಕಡೆಯಿಂದ ಈ ಕಡೆಗೆ ಇಟ್ಟಳು.

"ಒಂದು ತೋಳು ಉದ್ದ ಇರೋ ಅಂಗಿ ಹಾಕ್ಕೊಂಡು ಮೂರು ವರ್ಷ ಊರೆಲ್ಲ ಓಡಾಡಿದ್ದೀನಿ," ಎಂದೆ. "ನೀನು ನೋಡಿಯೂ ಸುಮ್ಮನಿದ್ದೆ."

"ಹೇಳೋಣ ಅಂತಲೇ ಆ ಭಾನುವಾರ ಬಂದೆ. ನೀನು ಮಾತಾಡೋಕೆ ಶುರು ಮಾಡಿದೆ. ನಾವು ಮೂರೂ ಜನ ಹೇಳದೆ ಇದ್ದದ್ದನ್ನ ಹೇಳಿದೆ. ಬೆಲ್ಟು ಸರಿ ಮಾಡಿದರೆ ನೀನೂ ನಮ್ಮ ಥರಾನೇ ಮಾತಾಡ್ತೀಯೇನೋ ಅಂತ ಹೆದರಿಕೆ ಆಯ್ತು. ಅದು ನನ್ನ ಸ್ವಾರ್ಥ. ತಪ್ಪಾಯ್ತು."

ಅವನು ಕೆಡುಕಿಗೆ ಮಾಡಿದ್ದಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ನನ್ನ ಕಸುಬಿನಲ್ಲಿ ಟೇಪು ತಪ್ಪಿದರೆ ಎಲ್ಲವೂ ತಪ್ಪಿದಂತೆಯೇ. ಇದುವರೆಗಿನ ನಲವತ್ತೆರಡು ರೆಕಾರ್ಡಿಗೂ ನಾನು ತಪ್ಪು ಟೇಪು ಹಿಡಿದು ಅಳತೆ ಹೇಳಿದ್ದೆ, ಇವರು ಅದನ್ನು ನಂಬಿದ್ದರು. ನಾಳೆಯೇ ಬಂದು ಸರಿ ಮಾಡು ಎಂದಷ್ಟೇ ಹೇಳಿ ಲೋಟಗಳನ್ನು ತೊಳೆಯಲು ಎದ್ದೆ.

ಮರುದಿನ ಮಧ್ಯಾಹ್ನ ಅಂಗಡಿಗಳಿಗೆ ಊಟದ ಬಿಡುವಿದ್ದಾಗ ವಾಚಣ್ಣ ಬಂದ. ಹಳೆಯ ಬೆಲ್ಟನ್ನು ತೆಗೆದು ನನ್ನ ಕೈಗೆ ಕೊಟ್ಟ. ಹಳೆಯ ಲಂಗದ ಎಲಾಸ್ಟಿಕ್ಕಿನ ಹಾಗೆ ಜೋಲು ಬಿದ್ದಿತ್ತು. ಹೊಸದನ್ನು ಹಾಕಿ, ತಿರುಗುವ ತಟ್ಟೆಯ ಅಂಚಿಗೆ ಸೀಮೆಸುಣ್ಣದಲ್ಲಿ ಒಂದು ಗುರುತು ಮಾಡಿ, ಕೈಗಡಿಯಾರ ನೋಡುತ್ತ ಸುತ್ತು ಎಣಿಸಿದ. ಮೂರು ನಿಮಿಷಕ್ಕೆ ಸರಿಯಾಗಿ ನೂರು. ದುಡ್ಡು ತೆಗೆದುಕೊಳ್ಳಲಿಲ್ಲ. ಅತ್ತೆ ಅವನಿಗೆ ಚಹಾ ಕೊಡುತ್ತ, ಇನ್ನು ಮೇಲೆ ಮೊಟ್ಟೆಗೆ ಮೂರನೇ ಹಾಡಿನ ಎಷ್ಟು ಸಾಲು ಸೇರಿಸಬೇಕು, ಅದನ್ನೂ ಎಣಿಸಿ ಹೇಳಿ ಹೋಗಪ್ಪ ಎಂದರು.

ನರ್ಸಮ್ಮನಿಂದ ಆ ಖಾಲಿ ಕಿಟಕಿಯ ಆಲ್ಬಮ್ ತರಿಸಿಕೊಂಡೆ. ಮುಳ್ಳು ಇಟ್ಟೆ. ಹಾಡಿದ್ದು ಒಬ್ಬ ಹುಡುಗಿ. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಮಾತುಗಳನ್ನು ಕೆಳಗಿಡುವುದೂ ಇಲ್ಲ, ಕೂತಿತೇ ಎಂದು ನೋಡುವುದೂ ಇಲ್ಲ. ಬಸ್ಸು ತಪ್ಪುತ್ತದೆ ಎನ್ನುವವಳ ಹಾಗೆ ಮುಂದಕ್ಕೆ ಮುಂದಕ್ಕೆ ಹೋಗುತ್ತಾಳೆ. ಕೆಟ್ಟದಾಗಿ ಹಾಡಿಲ್ಲ. ಆದರೆ ಅವಳು ಯಾರನ್ನೂ ಮಣ್ಣು ಮಾಡಿರಲಿಲ್ಲ. ನಾನು ಮನಸ್ಸಿನಲ್ಲಿದ್ದ ಆ ಐವತ್ತರ ಹೆಂಗಸಿನ ಜೊತೆ ಎಷ್ಟೋ ಮಧ್ಯಾಹ್ನ ಕಾಲರು ಹೊಲಿದಿದ್ದೆ. ಮುಳ್ಳು ಎತ್ತಿ ಮುಚ್ಚಳ ಹಾಕಿದೆ.

ಮುಂದಿನ ಸರದಿ ಮೇಷ್ಟ್ರದು. ಅವರ ರೆಕಾರ್ಡ್ ಎರಡನೇ ವಾರ ನನ್ನ ಮನೆಗೆ ಬಂತು, ಮೂರು ದಿನ ನಾನು ಅದನ್ನು ಲಕೋಟೆಯಿಂದಲೇ ತೆಗೆಯಲಿಲ್ಲ. ಹೆದರಿಕೆ ಏನೆಂದು ನನಗೆ ಸ್ಪಷ್ಟವಾಗಿತ್ತು. ಈಗ ಎಲ್ಲರ ಮನೆಯಲ್ಲೂ ಒಂದೇ ಹಾಡು. ಕೇಳಿ ನಾನೂ ಅವರು ಹೇಳಿದ್ದನ್ನೇ ಹೇಳಿದರೆ, ಇಷ್ಟು ವರ್ಷ ಆ ಮೇಜಿನ ಸುತ್ತ ಮಾತಾಡಿದ್ದು ನಾನಲ್ಲ, ಒಂದು ಜೋಲು ಬಿದ್ದ ರಬ್ಬರು. ಆಮೇಲೆ ಆ ಭಾನುವಾರಗಳಲ್ಲಿ ನನಗೆ ಉಳಿಯುವುದು ಚಹಾ ಬಗ್ಗಿಸುವ ಕೆಲಸ ಅಷ್ಟೇ. ಈ ಸಲ ಬರುವುದಿಲ್ಲವೆಂದು ಹೇಳಿಕಳಿಸುವ ಯೋಚನೆಯೂ ಬಂತು.

ಅತ್ತೆಗೆ ನನ್ನ ಮುಖ ನೋಡಿಯೇ ಗೊತ್ತಾಗಿತ್ತು. "ಮೂರು ದಿನದಿಂದ ಕಾಯಿಸ್ತಾ ಇದ್ದೀಯ, ಅದೇನು ಮದುವೆ ಹೆಣ್ಣಾ?" ಎಂದರು. "ನಿನ್ನ ಮಾವ ಕೊನೇ ಎರಡು ವರ್ಷ ಒಂದೇ ಕಿವೀಲಿ ಕೇಳ್ತಿದ್ದರು. ಆದರೂ ನಾನು ಪಾತ್ರೆ ಕುಕ್ಕಿದ ಸದ್ದಲ್ಲೇ ಯಾರ ಮೇಲೆ ಕೋಪ ಅಂತ ಹೇಳ್ತಿದ್ದರು. ಹಾಕು."

ಹಾಕಿದೆ. ಮೂರು ಸಲವಲ್ಲ, ಏಳು ಸಲ ಕೇಳಿದೆ. ಒಬ್ಬ ಗಂಡಸಿನ ದನಿ, ಹಿಂದೆ ನಾಲ್ಕು ವಾದ್ಯ. ಬಹಳ ಹಾಡುಗಳಲ್ಲಿ ನನಗೆ ಹೊಸದೇನೂ ಹೊಳೆಯಲಿಲ್ಲ. ಐದನೇ ಹಾಡಿನಲ್ಲಿ ಮಾತ್ರ ಪ್ರತಿ ಸಲವೂ ಒಂದೇ ಜಾಗದಲ್ಲಿ ನನ್ನ ಕೈ ಬಟ್ಟೆಯ ಮೇಲೆ ನಿಲ್ಲುತ್ತಿತ್ತು. ಯಾಕೆಂದು ತಿಳಿಯಲು ಏಳು ಸಲ ಬೇಕಾಯಿತು.

ಭಾನುವಾರ ಯಾರೂ ಬೆಲ್ಟಿನ ಸುದ್ದಿ ಎತ್ತಲಿಲ್ಲ. ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು. ವಾಚಣ್ಣ ಮೊದಲು ಮಾತಾಡಿದ, ಆಮೇಲೆ ನರ್ಸಮ್ಮ. ಇಬ್ಬರೂ ಹೊಗಳಿದರು. ಒಳ್ಳೆಯ ಕಂಠ, ನೆಮ್ಮದಿಯ ಹಾಡು, ಐದನೆಯದು ಎಲ್ಲಕ್ಕಿಂತ ಚೆಂದ. ನನ್ನ ಸರದಿ ಬಂದಾಗ ಬಹುಮಟ್ಟಿಗೆ ನನಗೂ ಹಾಗೆಯೇ ಅನಿಸಿತು ಎಂದೆ. ವಾಚಣ್ಣ ತಲೆ ತಗ್ಗಿಸಿದ. ಮೇಷ್ಟ್ರು ಸೌಜನ್ಯಕ್ಕೆ, ಹಾಗಾದರೆ ಮತ್ತೇನೂ ಇಲ್ಲವೇ ಎಂದು ಕೇಳಿದರು.

"ಐದನೇದರಲ್ಲಿ ಒಂದು ಹೊಲಿಗೆ ಇದೆ ಮೇಷ್ಟ್ರೇ," ಎಂದೆ. "ಕೊನೇ ಚರಣ ಅವನು ಬೇರೆ ದಿನ ಹಾಡಿ ತಂದು ಸೇರಿಸಿದ್ದಾನೆ. ಅದಕ್ಕೆ ಮುಂಚೆ ಉಸಿರು ಎಳೆದುಕೊಳ್ಳೋದು ಕೇಳಿಸುತ್ತೆ, ಸುಸ್ತಾಗಿದ್ದಾನೆ. ಚರಣ ಶುರುವಾದಾಗ ಸುಸ್ತೇ ಇಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದು ಬಂದ ಹಾಗಿದ್ದಾನೆ. ಹೊಲಿಗೆ ಅಚ್ಚುಕಟ್ಟಾಗಿದೆ, ಆದರೆ ಬಟ್ಟೆ ಬೇರೆ ಥಾನಿಂದು. ನನಗೆ ಆ ಸುಸ್ತಾದವನೇ ಇಷ್ಟ ಆಗಿದ್ದ. ಅವನು ಹಾಡು ಮುಗಿಸೋಕೆ ಬಿಡಬೇಕಿತ್ತು."

ಮೇಷ್ಟ್ರು ಹಾಗೇನಿಲ್ಲ ಎಂದರು. ತಾವು ಹತ್ತು ಸಲ ಕೇಳಿದವರು, ಪಿಟೀಲು ಕಲಿತ ಕಿವಿ ತಮ್ಮದು, ಅಂಥದ್ದಿದ್ದರೆ ತಿಳಿಯದೇ ಇರುತ್ತಿರಲಿಲ್ಲ ಎಂದರು. ನಾನು ಇದೆ ಎಂದೆ. ನರ್ಸಮ್ಮ ನನ್ನ ಪಕ್ಷ ಸೇರಿದಳು. ಅವಳಿಗೆ ಅದು ಕೇಳಿಸಿದ್ದರಿಂದಲ್ಲ, ಮೇಷ್ಟ್ರನ್ನು ಕೆಣಕುವುದು ಅವಳಿಗೆ ಖುಷಿ. ವಾಚಣ್ಣ ಎರಡನೇ ಲೋಟ ಚಹಾ ತಾನೇ ಬಗ್ಗಿಸಿಕೊಂಡ. ಕತ್ತಲಾಗುವ ಮೊದಲೇ ಏಳುತ್ತಿದ್ದವರು ಅಂದು ಎದುರಿನ ಅಂಗಡಿಯ ದೀಪ ಹತ್ತಿದ ಮೇಲೂ ವಾದ ಮಾಡುತ್ತಿದ್ದರು.

ಬುಧವಾರ ಮೇಷ್ಟ್ರು ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, ಇಳಿಯದೆಯೇ, ಇರಬಹುದು ಟೈಲರಮ್ಮ, ಇಲ್ಲದೆಯೂ ಇರಬಹುದು, ನನಗೆ ಆ ಹಾಡು ಮೊದಲಿನ ಹಾಗೆ ಕೇಳಲು ಆಗುತ್ತಿಲ್ಲ ಎಂದು ಹೇಳಿ ಹೋದರು. ಹೊಲಿಗೆ ನಿಜವಾಗಿ ಇದೆಯೋ ಇಲ್ಲವೋ ಯಾರಿಗೂ ಇನ್ನೂ ಗೊತ್ತಿಲ್ಲ. ಹಾಡಿದವನನ್ನು ಕೇಳಲು ನಮಗೆ ವಿಳಾಸ ಗೊತ್ತಿಲ್ಲ.

ಈಗ ಹಳೆಯ ರೆಕಾರ್ಡುಗಳು ಒಂದೊಂದಾಗಿ ನನ್ನ ಮನೆಗೆ ಮತ್ತೆ ಬರುತ್ತಿವೆ, ಮೂವರೂ ತಾವು ತಂದಿದ್ದನ್ನು ಕೇಳಲು ಕೊಡುತ್ತಿದ್ದಾರೆ. ನಲವತ್ತೆರಡರಲ್ಲಿ ಒಂಬತ್ತು ಮುಗಿದಿವೆ. ನಾಲ್ಕಕ್ಕೆ ನಾನು ಹೇಳಿದ್ದು ಪೂರ್ತಿ ತಪ್ಪು, ಮೂರಕ್ಕೆ ಸರಿ, ಎರಡರ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ. ಐವತ್ತರ ಆ ಹೆಂಗಸು ಹೋದಳು. ಅವಳು ಎಲ್ಲೂ ಇರಲಿಲ್ಲ ಎಂದು ಗೊತ್ತಿದ್ದೂ ಕಾಲರು ಹೊಲಿಯುವಾಗ ಅವಳ ನೆನಪಾಗುತ್ತದೆ, ಅದು ನಷ್ಟವೇ. ಲಾಭವೆಂದರೆ, ಇನ್ನು ಮೇಲೆ ಆ ಮೇಜಿನ ಸುತ್ತ ನಾನು ಸರಿ ಹೇಳಿದರೂ ತಪ್ಪು ಹೇಳಿದರೂ ಅದು ನನ್ನದೇ.