ಹೊಳಲಿನ ಗದ್ದೆಗೆ ಬಿದ್ದ ಧೂಮಕೇತು

ತಮ್ಮನ ಹೆಂಡತಿ ವೀಣ ಮದ್ದೂರಿನ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆಂಬುದು ಶಶಿಧರನಿಗೆ ಇಷ್ಟು ವರ್ಷ ನೆನಪಿಗೇ ಬಂದಿರಲಿಲ್ಲ. ಹಬ್ಬಕ್ಕೆ ಹೊಳಲಿಗೆ ಬಂದರೆ ಅವಳು ಅವನ ಲೆಕ್ಕದಲ್ಲಿ ಕಾಫಿ ತಂದುಕೊಡುವವಳು. ಡಿಸೆಂಬರಿನಲ್ಲಿ ಕಬ್ಬು ಕಡಿದ ಗದ್ದೆಯಲ್ಲಿ ಅವನಿಗೊಂದು ಕಪ್ಪು ಕಲ್ಲು ಸಿಕ್ಕಿತು. ಅವಳ ವಿದ್ಯೆ ಅವನಿಗೆ ಜ್ಞಾಪಕಕ್ಕೆ ಬಂದದ್ದು ಆಗ.

ಕಲ್ಲು ಸಣ್ಣ ಕುಂಬಳಕಾಯಿಯಷ್ಟಿತ್ತು. ಮೈಯೆಲ್ಲ ತೂತು, ಅಲ್ಲಲ್ಲಿ ಗಾಜಿನ ಹೊಳಪು. ಆ ದಿನಗಳಲ್ಲಿ ಟಿವಿಯಲ್ಲಿ ಹಗಲಿರುಳೂ ಅಟ್ಲಾಸ್ ಎಂಬ ಧೂಮಕೇತುವಿನದೇ ಮಾತು. ಸೌರಮಂಡಲದ ಹೊರಗಿನಿಂದ ಬಂದದ್ದು, ಅಂಥವು ಇದುವರೆಗೆ ಕಂಡಿರುವುದೇ ಮೂರು ಎಂದು ಒಂದು ಸಲ ಹೇಳಿ, ಅದರೊಳಗೆ ಅನ್ಯಗ್ರಹದವರು ಕೂತಿದ್ದಾರೆ ಎಂದು ನೂರು ಸಲ ಹೇಳುತ್ತಿದ್ದರು. ಶಶಿಧರ ಎರಡನ್ನೂ ಕೂಡಿಸಿದ. ಆಕಾಶದಲ್ಲಿ ಧೂಮಕೇತು, ಗದ್ದೆಯಲ್ಲಿ ಕಲ್ಲು. ಇನ್ನೇನು ಬೇಕು?

ಬೇಕಾದ ಉಳಿದದ್ದನ್ನು ಮಂಡ್ಯದ ಸ್ವರೂಪ್ ಒದಗಿಸಿದ. ಈತ ಮೊದಲು ವಾಸ್ತು ಹೇಳಿಕೊಂಡಿದ್ದ. ವಾಸ್ತುವಿಗೆ ಗಿರಾಕಿ ಕಡಿಮೆಯಾದ ಮೇಲೆ ತನಗೆ ತಾನೇ ಬಡ್ತಿ ಕೊಟ್ಟುಕೊಂಡು ಅಂತರಿಕ್ಷ ಚಿಂತಕನಾಗಿದ್ದ. ಅಡುಗೆಮನೆ ಯಾವ ಮೂಲೆಗಿರಬೇಕು ಎನ್ನುತ್ತಿದ್ದ ಬಾಯಿ ಈಗ ಕಪ್ಪುಕುಳಿ ಎಲ್ಲಿರಬೇಕು ಎನ್ನುತ್ತಿತ್ತು. ಅವನು ಒಂದು ಅಯಸ್ಕಾಂತ ಹಿಡಿದುಕೊಂಡು ಬಂದು ಕಲ್ಲಿನ ಮೈಮೇಲೆಲ್ಲ ಆಡಿಸಿದ. ಒಂದು ಮೂಲೆಯಲ್ಲಿ ಅದು ಕಚ್ಚಿಕೊಂಡಿತು. ಕಚ್ಚಿಕೊಂಡ ಮೂಲೆಯನ್ನಷ್ಟೇ ವಿಡಿಯೊ ಮಾಡಿ, "ಇದು ಅಟ್ಲಾಸಿನ ತುಣುಕು, ಭೂಮಿಯ ಕಲ್ಲಲ್ಲವೇ ಅಲ್ಲ" ಎಂದು ಘೋಷಿಸಿದ. ವಾರ ಕಳೆಯುವುದರೊಳಗೆ ಗದ್ದೆಯ ಬದುವಿನಲ್ಲಿ ತಗಡಿನ ಚಪ್ಪರ ಎದ್ದಿತು. ಕಲ್ಲಿಗೆ ಆಕಾಶಲಿಂಗ ಎಂದು ಹೆಸರಾಯಿತು.

ಭಾನುವಾರ ವೀಣ ಗಂಡ ಸಿದ್ದರಾಮುವಿನ ಜೊತೆ ಹೊಳಲಿಗೆ ಬಂದಳು. ಶಶಿಧರ ತಾನೇ ಕುರ್ಚಿ ಎಳೆದು ಹಾಕಿದ. ಅವಳಿಗೆ ಅಲ್ಲಿಯೇ ಅನುಮಾನ ಬಂತು.

"ನೋಡಮ್ಮ, ಗುರುವಾರ ಪ್ರತಿಷ್ಠಾಪನೆ ಮಡಗಿವ್ನಿ. ಟಿವಿಯೋರೂ ಬತ್ತಾವ್ರೆ. ನೀನು ಸಾಲು ಹೊದ್ಕೊಂಡು ಮೈಕ್ ಇಡ್ಕೊಂಡು, ಇದು ಧೂಮಕೇತು ತುಂಡು ಅಂತ ಒಂದ್ ಮಾತು ಯೋಳ್ಬುಡು. ಸಾಕು."

"ಭಾವ, ಅದು ಕಿಟ್ಟ," ಎಂದಳು ವೀಣ. ಅವಳು ಬರುವಾಗಲೇ ಚಪ್ಪರದ ಹತ್ತಿರ ನಿಂತು ಕಲ್ಲನ್ನು ನೋಡಿದ್ದಳು. "ಪಕ್ಕದಲ್ಲೇ ಮರಿಸಿದ್ದಯ್ಯನೋರ ಆಲೆಮನೆ ಇದೆಯಲ್ಲ, ಅದರ ಒಲೆಯಲ್ಲಿ ಕಬ್ಬಿನ ಸಿಪ್ಪೆ ಉರಿದು ಬೂದಿ ಕರಗಿ ಗಟ್ಟಿಯಾಗಿರೋದು. ಆಕಾಶದಿಂದ ಬಿದ್ದ ಕಲ್ಲಿಗೆ ಹಿಂಗೆ ಜೇನುಗೂಡಿನ ಥರ ತೂತಿರಲ್ಲ."

"ಅಯಸ್ಕಾಂತ ಯಾಕಮ್ಮ ಇಡ್ಕೋತು?"

"ಒಳಗೆ ಕಬ್ಬಿಣದ ಚೂರಿರುತ್ತೆ. ಧೂಮಕೇತು ಅತಿ ಹತ್ತಿರ ಅಂದ್ರೂ ಇಪ್ಪತ್ತೇಳು ಕೋಟಿ ಕಿಲೋಮೀಟರ್ ದೂರದಲ್ಲಿ ಹೋಗುತ್ತೆ ಭಾವ. ಸೂರ್ಯನಿಗಿಂತ ದೂರ."

"ದೂರ ಇದ್ರೇನಾಯ್ತು? ಒಂದು ಚೂರು ಉದ್ರುಬಾರ್ದಾ?" ಎಂದು ಶಶಿಧರ ನಕ್ಕ. ಕೋಟಿಯ ಲೆಕ್ಕ ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಸೈಟಿನ ವ್ಯವಹಾರವಾಗಿದ್ದರೆ ಒಂದು ಸೊನ್ನೆಗೂ ಜಗಳವಾಡುತ್ತಿದ್ದ.

ಹಿಂದಿರುಗುವಾಗ ಕಾರಿನಲ್ಲಿ ಸಿದ್ದರಾಮು ಹೇಳಿದ. "ಇರಬಹುದು ಅಂದ್ಬುಡು. ಇರಬಹುದು ಅಂದ್ರೆ ಸುಳ್ಳಾಗಲ್ಲ. ಅಣ್ಣನ ಮಾತು ನಡುದ್ರೆ ನಿನ್ ಗಂಟೇನು ಓಯ್ತದೆ?"

ವೀಣ ಕಿಟಕಿಯಾಚೆ ನೋಡಿದಳು. ಜುಲೈನಲ್ಲಿ ಆ ಧೂಮಕೇತು ಪತ್ತೆಯಾದಾಗಿನಿಂದ ಅದರ ಸುದ್ದಿಯನ್ನು ಅವಳು ಒಂದೂ ಬಿಡದೆ ಓದಿದ್ದಳು. ಅದು ಯಾವ ನಕ್ಷತ್ರದ ಮಗ್ಗುಲಲ್ಲಿ ಹುಟ್ಟಿತೋ ಯಾರಿಗೂ ತಿಳಿಯದು. ಸೂರ್ಯನಿಗಿಂತ ಹಳೆಯದಿರಬಹುದು ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಭೂಮಿ ಹುಟ್ಟುವ ಮುಂಚೆಯೇ ಹೊರಟಿರಬಹುದಾದ ಒಂದು ಮಂಜಿನ ಗಡ್ಡೆ ಈ ವರ್ಷ, ಅವಳು ಬದುಕಿರುವಾಗ, ಈ ದಾರಿಯಲ್ಲಿ ಹಾಯುತ್ತಿದೆ ಎಂಬುದನ್ನು ನೆನೆದರೆ ಅವಳಿಗೆ ಎದೆ ತುಂಬಿ ಬರುತ್ತಿತ್ತು. ಇವರಿಗೆ ಅದೊಂದು ನೆಪ, ಅಷ್ಟೆ. ಇವರ ಕಣ್ಣು ಒಲೆಯ ಕಿಟ್ಟದಿಂದ ಮೇಲಕ್ಕೆ ಏಳುವುದಿಲ್ಲ.

"ಇರಬಹುದು ಅನ್ನೋದು ಗೊತ್ತಿಲ್ಲದಾಗ ಹೇಳೋ ಮಾತು," ಎಂದಳು. "ನಂಗೆ ಗೊತ್ತು."

ಗುರುವಾರ ಅವಳು ಹೋಗಬಾರದೆಂದೇ ಇದ್ದಳು. ಬೆಳಿಗ್ಗೆ ಸಹೋದ್ಯೋಗಿ ಕುಸುಮ ಫೋನಿನಲ್ಲಿ ಒಂದು ಪೋಸ್ಟರ್ ತೋರಿಸಿದಳು. ಸ್ವರೂಪನ ನಗುಮುಖದ ಪಕ್ಕದಲ್ಲಿ ವೀಣಳ ಮದುವೆ ಫೋಟೊದಿಂದ ಕತ್ತರಿಸಿದ ಮುಖ, ಕೆಳಗೆ 'ಖ್ಯಾತ ವಿಜ್ಞಾನಿಯಿಂದ ದೃಢೀಕರಣ' ಎಂಬ ದಪ್ಪ ಅಕ್ಷರ. ವೀಣ ರಜೆ ಹೇಳಿ ಬಸ್ಸು ಹತ್ತಿದಳು.

ಗದ್ದೆಯಲ್ಲಿ ಜಾತ್ರೆಯಷ್ಟು ಜನ ಸೇರಿದ್ದರು. ಟಿವಿಯವನು ಕಲ್ಲಿಗೆ ಬೆನ್ನು ಹಾಕಿ ಕಲ್ಲಿನ ಬಗ್ಗೆ ಮಾತಾಡುತ್ತಿದ್ದ. ಸ್ವರೂಪ್ ಕಾವಿ ಜುಬ್ಬದ ಮೇಲೆ ಕೋಟು ತೊಟ್ಟು, ಎರಡು ವೃತ್ತಿಗೂ ಮೋಸವಾಗದಂತೆ ನೋಡಿಕೊಂಡಿದ್ದ. ವೀಣಳನ್ನು ಕಂಡದ್ದೇ ಅವನು ಮೈಕಿನಲ್ಲಿ, "ಇಗೋ, ಸತ್ಯವನ್ನು ದೃಢಪಡಿಸಿದ ಮೇಡಂ ಬಂದೇಬಿಟ್ಟರು" ಎಂದು ಕೂಗಿದ. ಅವಳು ನೇರವಾಗಿ ಹೋಗಿ ಮೈಕು ತೆಗೆದುಕೊಂಡಳು.

"ನಾನು ಏನೂ ದೃಢಪಡಿಸಿಲ್ಲ. ಇದು ಆಲೆಮನೆ ಒಲೆಯ ಕಿಟ್ಟ. ಧೂಮಕೇತುಗೂ ಇದಕ್ಕೂ ಸಂಬಂಧ ಇಲ್ಲ."

ಸ್ವರೂಪ್ ಜಗ್ಗಲಿಲ್ಲ. "ಹಾಗಾದರೆ ಮೇಡಂ, ಅಟ್ಲಾಸ್ ಎಲ್ಲಿಂದ ಬಂತು ಅಂತ ನಿಮ್ಮ ವಿಜ್ಞಾನಕ್ಕೆ ಗೊತ್ತಾ?"

"ಗೊತ್ತಿಲ್ಲ."

"ಗೊತ್ತಿಲ್ವಂತೆ!" ಎಂದು ಅವನು ಜನರ ಕಡೆ ತಿರುಗಿದ. ಹೋ ಎಂದು ನಗು ಎದ್ದಿತು. ಎಲ್ಲ ಗೊತ್ತು ಎಂದವನನ್ನು ನಂಬಿ ಬಂದವರು ಗೊತ್ತಿಲ್ಲ ಎಂದವಳನ್ನು ನೋಡಿ ನಗುತ್ತಿದ್ದರು. ಯಾರೋ ಶಿಳ್ಳೆ ಹಾಕಿದರು. ಶಶಿಧರ ಅವಳ ಕೈಯಿಂದ ಮೈಕು ಕಿತ್ತುಕೊಂಡು, "ಆ ಕಡೀಕ್ ಓಗಮ್ಮ, ಮನೆ ಮರ್ವಾದೆ ತೆಗೀಬ್ಯಾಡ" ಎಂದ. ಬೆಳಿಗ್ಗೆಯೇ ಕಾರಿನಲ್ಲಿ ಬಂದಿದ್ದ ಸಿದ್ದರಾಮು ಹಿಂದಿನ ಸಾಲಿನಲ್ಲಿ ನಿಂತು ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ.

ಪೂಜೆ ಶುರುವಾಯಿತು. ಟಿವಿಗೆ ಉರಿ ಚೆನ್ನಾಗಿ ಕಾಣಲೆಂದು ಸ್ವರೂಪ್ ಹಿಡಿ ಹಿಡಿ ಕರ್ಪೂರವನ್ನು ಕಲ್ಲಿನ ನೆತ್ತಿಯ ಮೇಲೇ ಸುರಿಸಿ ಹಚ್ಚಿಸಿದ. ಅದು ಆಳುದ್ದ ಉರಿಯಿತು. ಆ ಉರಿ ಆರುತ್ತಲೇ ಶಶಿಧರ ಡೈರಿಯ ಕೂಲರಿನಿಂದ ಆಗಷ್ಟೇ ತಂದಿದ್ದ ಹಾಲಿನ ಕ್ಯಾನನ್ನು ಎತ್ತಿ ಗಳಗಳ ಸುರಿದ. ಫಟ್ ಎಂದು ಸದ್ದಾಯಿತು. ಆಕಾಶಲಿಂಗ ಎರಡು ಹೋಳಾಗಿ ಬಿತ್ತು.

ಹೋಳಿನ ನಡುವೆ ಎತ್ತಿನ ಲಾಳ ಕಾಣಿಸಿತು, ಮೊಳೆಯ ಸಮೇತ.

ಈಗಲಾದರೂ ಮುಗಿಯಿತು ಎಂದು ವೀಣ ಅಂದುಕೊಂಡಳು. ಜನರ ವಿಷಯದಲ್ಲಿ ಅವಳಿಗಿದ್ದ ಅಜ್ಞಾನ ಅಷ್ಟಿಷ್ಟಲ್ಲ. ಆಲೆಮನೆಯ ಮರಿಸಿದ್ದಯ್ಯ ಗುಂಪು ಸೀಳಿಕೊಂಡು ಮುಂದೆ ಬಂದು ಬಗ್ಗಿ ನೋಡಿದ.

"ಇದು ನಮ್ಮೆತ್ತಿನ ಲಾಳ ಕಣ್ಲಾ ಶಶಿ! ನಮ್ಮೊಲೇಲಿ ಬೆಂದಿರೋದು ಇದು. ಅಂಗಾದ್ಮೇಲೆ ದ್ಯಾವ್ರು ನಮ್ದು. ನಿನ್ ಗದ್ದೇಲಿ ಯಾಕ್ಲಾ ಮಡೀಕಂಡಿದ್ದೀಯ?"

"ಬಿದ್ದಿರೋದು ನಮ್ ಗದ್ದೇಲಿ ಕಣ್ಲಾ!"

"ಒಲೆ ಯಾರ್ದ್ಲಾ?"

ಕೈ ಕೈ ಹತ್ತುವುದರೊಳಗೆ ಹಿರಿಯರು ನಡುವೆ ಬಂದು ಆಳಿಗೊಂದು ಹೋಳು ಎಂದು ತೀರ್ಮಾನ ಮಾಡಿದರು. ಬದುವಿನ ಆಚೆಗೆ ಇನ್ನೊಂದು ತಗಡಿನ ಚಪ್ಪರ ಎದ್ದಿತು. ಆ ರಾತ್ರಿ ಸ್ವರೂಪ್ ಹೊಸ ವಿಡಿಯೊ ಬಿಟ್ಟ: ಅನ್ಯಗ್ರಹದಲ್ಲೂ ಬೇಸಾಯವಿತ್ತು, ಎತ್ತುಗಳಿದ್ದವು, ಲಾಳವೇ ಸಾಕ್ಷಿ. ಹಳೆಯದಕ್ಕಿಂತ ಅದನ್ನೇ ಹೆಚ್ಚು ಜನ ನೋಡಿದರು.

ಶಶಿಧರ ವೀಣಳ ಜೊತೆ ಮಾತು ಬಿಟ್ಟ. ಸಂಕ್ರಾಂತಿಗೆ ಬರಬೇಡಿ ಎಂದು ತಮ್ಮನಿಗೆ ಹೇಳಿ ಕಳಿಸಿದ. ಸಿದ್ದರಾಮು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಊಟದ ಹೊತ್ತಿಗೆ, "ಆ ಲಾಳ ಒಳಕ್ಕೆಂಗ್ ಓಯ್ತು?" ಎಂದು ಕೇಳಿದ. ವೀಣ ಅವನ ತಟ್ಟೆಗೆ ಮುದ್ದೆ ಹಾಕಿ, "ನಿಮ್ಮಣ್ಣನ್ನ ಕೇಳಿ" ಎಂದಳು.

ಅತ್ತೆ ದೇವಿರಮ್ಮ ಮಾತ್ರ ಹಬ್ಬ ಕಳೆದ ಮೇಲೆ ಗಂಟು ಕಟ್ಟಿಕೊಂಡು ಮದ್ದೂರಿಗೆ ಬಂದಳು. ಎರಡು ಚಪ್ಪರದ ಎರಡು ಮೈಕಿನ ಗದ್ದಲಕ್ಕೆ ಕಿವಿ ಕೆಟ್ಟುಹೋಗಿತ್ತಂತೆ. ಸಂಜೆ ಮಾಳಿಗೆಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತವಳು ಆಕಾಶ ನೋಡಿ ಕೇಳಿದಳು:

"ಅದು ಇನ್ನೂ ಅಲ್ಲೇ ಅದಾ, ನಿನ್ ಧೂಮಕೇತು?"

"ದೂರ ಹೋಗ್ತಾ ಇದೆ ಅತ್ತೆ. ಬರಿಗಣ್ಣಿಗೆ ಯಾವತ್ತೂ ಕಂಡಿದ್ದಿಲ್ಲ."

"ತಿರ್ಗಿ ಯಾವಾಗ ಬತ್ತದೆ?"

"ಬರಲ್ಲ. ಒಂದೇ ಸಲ. ಹಾಗೇ ಹೊರಗೆ ಹೊರಟುಹೋಗುತ್ತೆ."

ದೇವಿರಮ್ಮ ಒಂದು ಕಾಯಿ ಸೀಳಿ, ಹುಳ ಕಂಡು, ಅದನ್ನು ಗೋಡೆಯಾಚೆ ಎಸೆದಳು.

"ನಮ್ಮೂರ್ ನೋಡ್ಬುಟ್ಟು ಓಯ್ತಾ ಅದೆ ಅಂದ್ರೆ, ಅದ್ರೊಳಗ್ ಕುಂತಿರೋರು ಬುದ್ವಂತ್ರೇ ಇರ್ಬೇಕು ಕಣಮ್ಮ."

ವೀಣ ನಕ್ಕಳು. ಎಷ್ಟೋ ವಾರಗಳ ಮೇಲೆ ಬಂದ ನಗು ಅದು. ಮೊರವನ್ನು ತನ್ನ ಕಡೆ ಎಳೆದುಕೊಂಡು ಅವಳೂ ಕಾಯಿ ಬಿಡಿಸತೊಡಗಿದಳು.