ಎರಡೂವರೆ ಗಂಟೆಯ ಬಸ್ಸು

ಚಾಲಕನ ತಲೆಯ ಮೇಲಿನ ಕನ್ನಡಿಯಲ್ಲಿ ಅವನ ಎರಡು ಕಣ್ಣುಗಳಷ್ಟೇ ಕಾಣುತ್ತಿದ್ದವು. ಅವಳು ಅವನ ಬೆನ್ನ ಹಿಂದಿನ ಸೀಟಿನಲ್ಲೇ ಕೂತು, ಅವು ನಿಮಿಷಕ್ಕೆ ಎಷ್ಟು ಬಾರಿ ಎವೆಯಿಕ್ಕುತ್ತವೆ ಎಂದು ಎಣಿಸುತ್ತಿದ್ದಳು. ಹದಿನಾಲ್ಕು. ಮತ್ತೆ ಹದಿನಾಲ್ಕು. ಕನ್ನಡಕದಂಗಡಿಯಲ್ಲಿ ಇಪ್ಪತ್ತು ವರ್ಷ ಜನರ ಕಣ್ಣು ಪರೀಕ್ಷಿಸಿದವಳಿಗೆ ಅದರಲ್ಲಿ ದೋಷವೇನೂ ಕಾಣಲಿಲ್ಲ. ಹತ್ತು ದಿನಗಳಿಂದಲೂ ಹೀಗೆಯೇ.

ನಾಲ್ಕು ತಿಂಗಳ ಹಿಂದೆ ಇದೇ ಬಸ್ಸು, ಇದೇ ರಸ್ತೆಯಲ್ಲಿ, ಇದೇ ಹೊತ್ತಿನಲ್ಲಿ ಅವಳ ತಮ್ಮನನ್ನು ಕೊಂದಿತ್ತು. ಅವನು ಸರ್ವೆಯರ್. ರಸ್ತೆಯಂಚಿನಲ್ಲಿ ಮುಕ್ಕಾಲಿ ನಿಲ್ಲಿಸಿಕೊಂಡು ಅಳತೆ ತೆಗೆಯುತ್ತಿದ್ದ. ಬ್ರೇಕ್ ಹಾಕಿದ ಗುರುತು ರಸ್ತೆಯ ಮೇಲಿರಲಿಲ್ಲ, ಹಾರನ್ನನ್ನು ಯಾರೂ ಕೇಳಿರಲಿಲ್ಲ. ಮೂವತ್ತು ಜನ ಪ್ರಯಾಣಿಕರಲ್ಲಿ ಒಬ್ಬರಾದರೂ ನೋಡಿರಲಿಲ್ಲ. ಎಲ್ಲರೂ ನಿದ್ದೆಯಲ್ಲಿದ್ದೆವು ಎಂದೇ ಹೇಳಿಕೆ ಕೊಟ್ಟಿದ್ದರು.

"ಗುದ್ದಿದ ಅನ್ನೋದು ಸಾಲಲ್ಲ ಅಮ್ಮಾ," ಎಂದಿದ್ದರು ಸರ್ಕಾರಿ ವಕೀಲರು. "ಆಪತ್ತು ಅಂತ ಗೊತ್ತಿದ್ದೂ ಉದಾಸೀನ ಮಾಡಿದ ಅಂತ ತೋರಿಸ್ಬೇಕು. ಅವರ ಕಡೆಯವರು ಕೇಳೋದು ಒಂದೇ ಮಾತು. ಹಾಡುಹಗಲು, ನೇರ ರಸ್ತೆ, ಎದುರಿಗೆ ಅಷ್ಟು ದೊಡ್ಡ ಬಸ್ಸು. ನಿಮ್ಮ ತಮ್ಮ ಯಾಕೆ ಪಕ್ಕಕ್ಕೆ ಸರಿಯಲಿಲ್ಲ?"

ತೀರ್ಪಾಗುವ ತನಕ ಚಾಲಕ ಗಾಡಿ ಓಡಿಸಲು ಅಡ್ಡಿಯಿಲ್ಲ ಎಂದು ತಿಳಿದ ದಿನ, ಅವಳು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದಳು.

ಹನ್ನೊಂದನೆಯ ದಿನ ಊರು ದಾಟಿ ನೇರ ರಸ್ತೆ ಸಿಕ್ಕಿತು. ಎಂದಿನಂತೆ ಒಂದೊಂದೇ ತಲೆ ವಾಲತೊಡಗಿತು. ತುಸು ಹೊತ್ತಿನಲ್ಲೇ ಇಡೀ ಬಸ್ಸಿನಲ್ಲಿ ಒಂದು ಮಾತಿಲ್ಲ, ಒಂದು ಕೆಮ್ಮಿಲ್ಲ. ಕಂಡಕ್ಟರನೂ ಬಾಯಿ ಬಿಟ್ಟು ಮಲಗಿದ್ದ. ಬಿಸಿಲಿನ ಚೌಕಗಳು ಮುಚ್ಚಿದ ರೆಪ್ಪೆಗಳ ಮೇಲೆ ಹರಿದುಹೋಗುತ್ತಿದ್ದರೂ ಯಾರೂ ಮಿಸುಕಲಿಲ್ಲ. ಅವಳು ಕನ್ನಡಿಯತ್ತ ತಿರುಗಿ ಎಣಿಸಲು ಶುರು ಮಾಡಿದಳು.

ಎಣಿಸಲು ಏನೂ ಇರಲಿಲ್ಲ. ಕಣ್ಣುಗಳು ಅಗಲವಾಗಿ ತೆರೆದಿದ್ದವು, ರಸ್ತೆಯ ಮೇಲೇ ನೆಟ್ಟಿದ್ದವು. ಕೈಗಳು ಸ್ಟೀರಿಂಗ್ ಮೇಲೆ ಇದ್ದಲ್ಲೇ ಇದ್ದವು. ಆದರೆ ಎವೆ ಅಲುಗುತ್ತಿರಲಿಲ್ಲ. ಒಂದು ನೊಣ ಬಂದು ಎಡಗಣ್ಣಿನ ಕೊನೆಯಲ್ಲಿ ಕೂತಿತು, ನಿಧಾನವಾಗಿ ನಡೆಯಿತು. ಕಣ್ಣು ಹಾಗೆಯೇ ಇತ್ತು.

ಸಿಕ್ಕಿಬಿದ್ದ, ಎಂದುಕೊಂಡಳು. ಅವಳ ಎದೆಯಲ್ಲಿ ಆಗ ಹಾದುಹೋದದ್ದು ಭಯವಲ್ಲ, ಸಂತೋಷ. ಆ ಎರಡು ಕ್ಷಣಗಳನ್ನು ಆಮೇಲೆ ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ.

ಅಷ್ಟರಲ್ಲಿ ಮುಂದೆ, ರಸ್ತೆಯಲ್ಲಿ ಗುಂಡಿ ಮುಚ್ಚುತ್ತಿದ್ದ ಕೂಲಿ ಹೆಂಗಸೊಬ್ಬಳು ಕಂಡಳು. ಬಸ್ಸಿನ ಸದ್ದಿಗೆ ತಲೆಯೆತ್ತಿದಳು. ಚಾಲಕನ ಮುಖ ನೋಡಿದಳು. ಪಕ್ಕಕ್ಕೆ ಹೋಗು ಎಂಬಂತೆ ಒಂದು ಕೈ ಎತ್ತಿ ತೋರಿಸಿ, ಮತ್ತೆ ನಿಶ್ಚಿಂತೆಯಿಂದ ಬಾಂಡಲಿಯತ್ತ ಬಗ್ಗಿದಳು.

ಬಸ್ಸಿನೊಳಗೆ ಅವಳು ಸೀಟಿನಿಂದ ಎದ್ದು, ಚಾಲಕನ ಮೇಲೆಯೇ ಬಾಗಿ, ಹಾರನ್ನನ್ನು ಅದುಮಿ ಹಿಡಿದಳು.

ಚಾಲಕ ಬೆಚ್ಚಿ ಬ್ರೇಕ್ ತುಳಿದ. ಬಸ್ಸು ನಿಂತಾಗ ಬಾಂಡಲಿ ಮುಂದಿನ ಚಕ್ರದಡಿ ಚಪ್ಪಟೆಯಾಗಿತ್ತು. ಹೆಂಗಸು ಒಂದು ಮಾರು ದೂರದಲ್ಲಿ ಕೂತುಬಿಟ್ಟಿದ್ದಳು. "ನನ್ನನ್ನೇ ನೋಡ್ಕೊಂಡು ಬರ್ತಿದ್ದೆಯಲ್ಲಣ್ಣಾ," ಎಂದಳು ಅಳುತ್ತಾ. "ನೋಡ್ತಿದ್ದಾನೆ, ಪಕ್ಕಕ್ಕೆ ಹೊರಳಿಸ್ತಾನೆ ಅಂತ ಸುಮ್ಮನಿದ್ದೆ."

ತಮ್ಮ ಯಾಕೆ ಸರಿಯಲಿಲ್ಲವೆಂದು ಅವಳಿಗೆ ಆಗ ತಿಳಿಯಿತು. ಬಸ್ಸಿನ ಮೆಟ್ಟಿಲ ಮೇಲೆ ಕೂತಳು.

ಚಾಲಕ ಕೆಳಗಿಳಿದು ಬಂದು ಎದುರಿಗೆ ನಿಂತ. ಐವತ್ತರ ಆಸುಪಾಸಿನ, ಅಚ್ಚುಕಟ್ಟಾಗಿ ತಲೆ ಬಾಚಿಕೊಂಡ ಮನುಷ್ಯ. "ನೀವು ಯಾರು ಅಂತ ಮೊದಲನೇ ದಿನವೇ ಗುರುತು ಸಿಕ್ಕಿತು ಅಮ್ಮಾ. ನೀವು ಹಿಂದೆ ಕೂತಿದ್ರೆ ಎಚ್ಚರವಾಗಿರ್ತೀನಿ ಅಂದ್ಕೊಂಡಿದ್ದೆ."

ಅವನು ಚಕ್ರದಡಿಯ ಬಾಂಡಲಿಯತ್ತ ತಿರುಗಿದ.

"ಆವತ್ತು ಒಂದು ಕನಸು ಬಿತ್ತು. ಯಾರೋ ಒಬ್ರು ಮುಕ್ಕಾಲಿ ಹತ್ರ ನಿಂತು, ನನ್ನ ಕಡೆ ನೋಡಿ ಕೈ ಎತ್ತಿದ್ರು. ಪರಿಚಯದವರಿಗೆ ಎತ್ತೋ ಹಾಗೆ. ಕನಸು ಅಂತಲೇ ಅಂದ್ಕೊಂಡೆ. ಕೆಳಗಿಳಿದು ನೋಡಿದ್ರೆ ಅದೇ ಅಂಗಿ."

"ಹೀಗಾಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಡಾಕ್ಟರು ಬರೆದುಕೊಟ್ಟಿದ್ರು. ಇದು ಒಂಥರಾ ನಿದ್ದೆ ರೋಗ, ಗಾಡಿ ಮುಟ್ಟಲೇಬೇಡಿ ಅಂತ. ನನಗೆ ಬೇರೆ ಯಾವ ಕೆಲಸ ಬರುತ್ತೆ? ಚೀಟಿ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಹರಿದುಹಾಕ್ತೀನಿ ಅಂದೆ, ಮನೆಯವಳು ಬಿಡಲಿಲ್ಲ."

"ಯಾವಾಗ ಬರೆದದ್ದು?" ಅವಳ ದನಿ, ಗಿರಾಕಿಗೆ ಕೆಳಗಿನ ಸಾಲು ಓದಿ ಅನ್ನುವಾಗಿನಷ್ಟೇ ತಣ್ಣಗಿತ್ತು.

"ನಿಮ್ಮ ತಮ್ಮ ಹೋಗೋದಕ್ಕಿಂತ ಎರಡು ತಿಂಗಳು ಮುಂಚೆ."

ಬಸ್ಸಿನೊಳಗಿನಿಂದ ಯಾರೋ ಆಕಳಿಸುತ್ತಾ, ಇನ್ನೂ ಎಷ್ಟು ಹೊತ್ತು ನಿಲ್ಲಿಸ್ತೀರಿ ಎಂದು ಕೇಳಿದರು.

ಚೀಟಿಯನ್ನು ಚಾಲಕನ ಹೆಂಡತಿಯೇ ತಂದು ಸರ್ಕಾರಿ ವಕೀಲರ ಮೇಜಿನ ಮೇಲಿಟ್ಟಳು. ಅವನು ತಪ್ಪೊಪ್ಪಿಕೊಂಡ. ಒಂದೂವರೆ ವರ್ಷ ಸಜೆಯಾಯಿತು. ತೀರ್ಪು ಓದಿ ಮುಗಿಸಲು ನ್ಯಾಯಾಧೀಶರಿಗೆ ಕಾಲು ಗಂಟೆಯೂ ಹಿಡಿಯಲಿಲ್ಲ.

ಕೋರ್ಟಿನ ಅಂಗಳದಲ್ಲಿ ಪೊಲೀಸ್ ವ್ಯಾನು ಕಾಯುತ್ತಿತ್ತು. ಅವಳು ಹೊರಗೆ ಬಂದಾಗ ಚಾಲಕನ ಹೆಂಡತಿ ಪೇದೆಯ ಬಳಿ ನಿಂತು, ಮನೆ ಕಾಯಲು ಒಪ್ಪಿಸಿ ಹೊರಟವಳ ಹಾಗೆ ಒಂದೊಂದನ್ನೇ ವಿವರಿಸುತ್ತಿದ್ದಳು.

"ಊಟಕ್ಕೆ ಕೂತಾಗ ಹಾಗೇ ಕಲ್ಲಾಗಿಬಿಡ್ತಾರೆ ಅಣ್ಣಾ. ನಿಮ್ಮನ್ನೇ ನೋಡ್ತಿರೋ ಹಾಗಿರುತ್ತೆ, ಹೆದರ್ಕೋಬೇಡಿ. ಬೈಯೋದು, ಹೊಡೆಯೋದು ಬೇಡ. ಮೆಲ್ಲಗೆ ಭುಜ ಮುಟ್ಟಿದ್ರೆ ಸಾಕು, ಬರ್ತಾರೆ."

ಪೇದೆ ಆಗಲಮ್ಮ ಎಂದ. ವ್ಯಾನಿನ ಹಿಂಬಾಗಿಲು ಇನ್ನೂ ತೆರೆದೇ ಇತ್ತು. ಅವನು ಒಳಗೆ ಕೈ ಚಾಚಿ, ಬೆಂಚಿನ ಮೇಲೆ ಎವೆಯಿಕ್ಕದೆ ಕೂತಿದ್ದ ಚಾಲಕನ ಭುಜ ಮುಟ್ಟಿದ. ಸ್ವಲ್ಪ ಹೊತ್ತು ಕಾದು, ಇನ್ನೊಮ್ಮೆ ಮುಟ್ಟಿದ.