ಎರಡು ಗಂಟೆಯ ದಾರಿ

“ಎರಡನೆಯ ದಿನ ಬೆಳಿಗ್ಗೆ ಏನೂ ಇಡಬೇಡ,” ಎಂದಳು ಎಮಿಲ್ಡಾ.

ಲ್ಯಾಪ್‌ಟಾಪಿನ ಮೇಲೆ ಬಾಗಿದ್ದ ಮಗಳು ನತಾಶಾ ತಲೆಯೆತ್ತಿದಳು. ಲಂಡನ್ನಿನ ಟೂಟಿಂಗ್‌ನ ಆ ಮನೆಯ ಊಟದ ಮೇಜಿನ ಮೇಲೆ ಭಾನುವಾರದ ತಟ್ಟೆಗಳು ಇನ್ನೂ ಹಾಗೆಯೇ ಇದ್ದವು. ಮೂವತ್ತೊಂದು ವರ್ಷ ನರ್ಸಾಗಿ ದುಡಿದು ನಿವೃತ್ತಳಾದ ತಾಯಿಯನ್ನು ಮೂರು ದಿನ ಎಲ್ಲಿಗಾದರೂ ಕರೆದೊಯ್ಯಬೇಕೆಂದು ಹಟ ಹಿಡಿದವಳು ನತಾಶಾಳೇ. ಲಿಸ್ಬನ್, ರೋಮ್, ಬಾರ್ಸಿಲೋನಾ ಎಂದು ಅವಳು ಕೇಳಿದರೆ ಎಮಿಲ್ಡಾ ಕೋಪನ್‌ಹೇಗನ್ ಎಂದಿದ್ದಳು. ಅದೂ ನವೆಂಬರ್ ಮೊದಲ ವಾರದಲ್ಲೇ ಆಗಬೇಕು. ಆ ಚಳಿ ತನ್ನ ಮಂಡಿಗೆ ಆಗುವುದಿಲ್ಲ, ತಾಯಿ ಮಗಳು ಹೋಗಿಬನ್ನಿ ಎಂದು ಗಂಡ ಪೈಯಸ್ ಮೊದಲೇ ಜಾರಿಕೊಂಡಿದ್ದ.

ನತಾಶಾ ಗಂಟೆಗಂಟೆಗೂ ಒಂದೊಂದು ಕೆಲಸ ಬರೆದಿಟ್ಟಿದ್ದಳು. ಕಾಲುವೆಯಲ್ಲಿ ದೋಣಿ, ಅರಮನೆ, ಏಲಕ್ಕಿ ಬನ್ನಿಗೆ ಹೆಸರಾದ ಬೇಕರಿ. ಏಲಕ್ಕಿ ತಿನ್ನಲು ಅಷ್ಟು ದೂರ ಹೋಗಬೇಕೇ ಎಂದು ಎಮಿಲ್ಡಾ ನಕ್ಕಿದ್ದಳು. ಈಗ ಮಗಳು, ಆ ಬೆಳಿಗ್ಗೆ ಯಾಕೆ ಖಾಲಿ ಬಿಡಬೇಕು ಎಂದು ಕೇಳಿದಾಗ ಮಾತ್ರ ನಗು ಬರಲಿಲ್ಲ. ಎದ್ದು ಹೋಗಿ, ಬೈಬಲ್ಲಿನೊಳಗಿದ್ದ ಹಳೆಯ ಫೋಟೋ ತಂದು ಮೇಜಿನ ಮೇಲಿಟ್ಟಳು. ಹಿಮದಲ್ಲಿ ಅರ್ಧ ಮುಳುಗಿದ ಮರದ ಶಿಲುಬೆ. ಹಿಂಬದಿಯಲ್ಲಿ ಯಾರೋ ಸ್ಮಶಾನದ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ಬರೆದಿದ್ದರು.

ಅದು ಅವಳ ಅಣ್ಣ ಲಿಗೋರಿಯ ಸಮಾಧಿ. ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ ಅವನು ೧೯೮೬ರಲ್ಲಿ ನ್ಯುಮೋನಿಯಾ ಆಗಿ ಕೋಪನ್‌ಹೇಗನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅಲ್ಲಿಯೇ ಮಣ್ಣು ಮಾಡಿದರು. ಊರಿಗೆ ಬಂದದ್ದು ಅವನ ಬಟ್ಟೆಬರೆಯ ಪೆಟ್ಟಿಗೆ ಮತ್ತು ಈ ಫೋಟೋ. ಪ್ರತಿ ನವೆಂಬರ್ ಎರಡರಂದು, ಸತ್ತವರ ಸ್ಮರಣೆಯ ದಿನ, ಊರಾದ ಶಿರ್ವದ ಚರ್ಚಿನ ಸ್ಮಶಾನದಲ್ಲಿ ಎಲ್ಲರೂ ತಮ್ಮವರ ಸಮಾಧಿಗೆ ಮೊಂಬತ್ತಿ ಹಚ್ಚುವಾಗ, ಅವಳ ಅಮ್ಮ ಮಾತ್ರ ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ ಹಚ್ಚುತ್ತಿದ್ದಳು. ನೀನಾದರೂ ಒಮ್ಮೆ ನೋಡಿ ಬಾ ಎಂದು ಸಾಯುವ ಮೊದಲು ಹೇಳಿದ್ದಳು.

ನತಾಶಾ ಆಗಲೇ ಸ್ಮಶಾನದ ಕಚೇರಿಗೆ ಇಮೇಲ್ ಬರೆದಳು. ಟಿಕೆಟ್ಟನ್ನೂ ಬುಕ್ ಮಾಡಿದಳು.

ಬುಧವಾರ ಸಂಜೆ ಎಮಿಲ್ಡಾ ಹಿತ್ತಲಿನಿಂದ ಒಣಗಿದ ಬಟ್ಟೆ ಎತ್ತಿಕೊಂಡು ಒಳಬಂದಾಗ ಅಡುಗೆಮನೆಯಲ್ಲಿ ಪಿಸುಮಾತು ಕೇಳಿತು. ಸ್ಟ್ರಾಟ್‌ಫರ್ಡ್‌ನ ಆಫೀಸಿನಿಂದ ತನ್ನ ಫ್ಲ್ಯಾಟಿಗೆ ಹೋಗಬೇಕಿದ್ದ ಮಗಳು ಕೋಟು ಕೂಡ ಬಿಚ್ಚದೆ ಇಲ್ಲಿ ನಿಂತಿದ್ದಳು. ಉತ್ತರ ಬರಲಿಲ್ಲ ಅಂತ ಹೇಳಿಬಿಡು ಎನ್ನುತ್ತಿದ್ದ ಪೈಯಸ್ ಹೆಂಡತಿಯನ್ನು ಕಂಡು ಬಾಯಿ ಮುಚ್ಚಿದ.

“ಎಂತ ಉತ್ತರ?” ಎಂದಳು ಎಮಿಲ್ಡಾ.

ಹೇಳಿದವಳು ನತಾಶಾ. ಅಲ್ಲಿ ಸಮಾಧಿಯ ಜಾಗ ಇಷ್ಟು ವರ್ಷಕ್ಕೆ ಅಂತ ಇರುತ್ತದಂತೆ. ಲಿಗೋರಿಯದು ಇಪ್ಪತ್ತೈದು ವರ್ಷ. ಅದು ೨೦೧೧ಕ್ಕೆ ಮುಗಿಯಿತು, ಮುಂದುವರಿಸಿ ಎಂದು ಯಾರೂ ಕೇಳಲಿಲ್ಲ. ಶಿಲುಬೆ ತೆಗೆದಿದ್ದಾರೆ. ಮೂರು ವರ್ಷದ ನಂತರ ಅದೇ ಜಾಗದಲ್ಲಿ ಬೇರೊಬ್ಬರನ್ನು ಹೂತಿದ್ದಾರೆ.

ಎಮಿಲ್ಡಾ ಬಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತಳು. ೨೦೧೧ರಲ್ಲಿ ಅವಳು ಇದೇ ಮನೆಯಲ್ಲಿದ್ದಳು. ಆ ವರ್ಷ ಚರ್ಚಿನವರ ಜೊತೆ ಫ್ರಾನ್ಸಿನ ಲೂರ್ದಿಗೆ ತೀರ್ಥಯಾತ್ರೆ ಹೋಗಿದ್ದಳು, ಅದರ ಮುಂದಿನ ವರ್ಷ ಫಾತಿಮಾಕ್ಕೆ.

“ವಿಮಾನದಲ್ಲಿ ಎರಡು ಗಂಟೆ,” ಎಂದಳು. “ಎರಡೇ ಗಂಟೆಯ ದಾರಿ.”

“ಮೂವತ್ತನಾಲ್ಕು ವರ್ಷ ಆಯಿತು ನಮ್ಮ ಮದುವೆಯಾಗಿ,” ಎಂದ ಪೈಯಸ್. ದನಿಯಲ್ಲಿ ದೂರು ಇರಲಿಲ್ಲ. “ಒಮ್ಮೆ ಹೋಗುವ ಅಂತ ನೀನು ಹೇಳಲೇ ಇಲ್ಲವಲ್ಲ.”

“ನೋಡದಿದ್ದರೆ ಅವನು ಎಲ್ಲೋ ಹಡಗಿನಲ್ಲಿ ಇದ್ದಾನೆ ಅಂತ ಇರ್ತಿತ್ತು ನನಗೆ. ನೋಡಿದರೆ ಮುಗಿಯಿತಲ್ಲ.”

ಟಿಕೆಟ್ ಕ್ಯಾನ್ಸಲ್ ಮಾಡಬಹುದು, ಬೇಕಾದರೆ ರೋಮಿಗೆ ಹೋಗಬಹುದು ಎಂದು ನತಾಶಾ ಮೆಲ್ಲಗೆ ಹೇಳಿದಳು. ಎಮಿಲ್ಡಾ ಪೈಯಸ್‌ನ ಅಂಗಿಯೊಂದನ್ನು ಮಡಚತೊಡಗಿದಳು. ತೋಳು ಒಳಗೆ, ಕಾಲರ್ ಮೇಲೆ. ಅದನ್ನು ಬಿಚ್ಚಿ ಮತ್ತೆ ಮಡಚಿದಳು.

“ಈಗ ಅಲ್ಲಿ ಯಾರಿದ್ದಾರೆ?”

“ಒಬ್ಬರು ಹೆಂಗಸಂತೆ, ಮಮ್ಮಿ. ಹೆಸರು ಬರೆದಿಲ್ಲ.”

“ಅವರ ಮಕ್ಕಳು ಬರ್ತಾ ಇರಬಹುದು. ನಾವೂ ಒಂದು ಮೊಂಬತ್ತಿ ಇಟ್ಟರೆ ಅವರಿಗೆ ಬೇಸರ ಆಗ್ತದಾ ಅಂತ ಕೇಳು. ಇಲ್ಲ ಅಂದರೆ ಇಡುವ.” ಮಡಚಿದ ಅಂಗಿಯನ್ನು ಮೇಜಿನ ಮೇಲಿಟ್ಟು ಹೇಳಿದಳು, “ಮಣ್ಣಿನಡಿಯಲ್ಲಿ ಅವನೂ ಇದ್ದಾನಲ್ಲ.”

ಆಗ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣನ ಪೆಟ್ಟಿಗೆ ಬಂದ ದಿನವೂ, ಅಮ್ಮ ಹೋದ ದಿನವೂ ಬಾರದಿದ್ದ ಅಳು ಅದು. ನತಾಶಾ ಅವಳ ಹೆಗಲು ಹಿಡಿದು ನಿಂತಳು. ಪೈಯಸ್ ನಲ್ಲಿ ತಿರುಗಿಸಿ ಒಂದು ಲೋಟ ನೀರು ತುಂಬಿಸಿದ, ಅದನ್ನು ಕೊಡುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡಿದ್ದ.

ಆಮೇಲೆ ಮೂವರೂ ಚಹಾ ಕುಡಿದರು. ಅದೇ ವಿಮಾನದಲ್ಲಿ ಇನ್ನೊಂದು ಸೀಟು ಸಿಗುತ್ತದೆಯೇ ನೋಡು ಎಂದು ಪೈಯಸ್ ಮಗಳಿಗೆ ಹೇಳಿದ. ಮಂಡಿಯ ಮಾತು ಎತ್ತಲಿಲ್ಲ. ಅವಳು ಹುಡುಕುತ್ತಿರುವಾಗ ಮೇಲೆ ಹೋಗಿ, ಕಪಾಟು ಜಾಲಾಡಿ, ಹಿಂದೆಂದೋ ಕೊಂಡ ಉಣ್ಣೆಯ ಟೊಪ್ಪಿ ಹಾಕಿಕೊಂಡು ಇಳಿದು ಬಂದ. ಟೊಪ್ಪಿ ಕುಗ್ಗಿ ನೆತ್ತಿಯ ಮೇಲೆ ಕುಳಿತಿತ್ತು.

“ಇಲ್ಲಿ ಬನ್ನಿ,” ಎಂದಳು ಎಮಿಲ್ಡಾ.

ಅವನು ಅವಳ ಮುಂದೆ ಬಾಗಿದ. ಅವಳು ಎರಡೂ ಕೈಯಿಂದ ಟೊಪ್ಪಿಯ ಅಂಚು ಹಿಡಿದು, ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು ಕಿವಿ ಮುಚ್ಚುವ ತನಕ ನಿಧಾನವಾಗಿ ಕೆಳಕ್ಕೆ ಎಳೆದಳು.